ಕಂಬಂ ಕಣಿವೆಯಲ್ಲಿ ಗಾಡಿ ಕೈಕೊಟ್ಟರೆ

ಕಾರ್ತಿಕ ಕಾಲಿಟ್ಟಿತೆಂದರೆ ಕೆಎ ಫಲಕದ ಕಾರು, ಟೆಂಪೊ ಟ್ರಾವೆಲರ್‌ಗಳ ಸಾಲು ದಿಂಡಿಗಲ್ ಬಳಿ 44ನೇ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಹೊರಳುತ್ತದೆ. ಬತ್ಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳೈಯಂ, ಕಂಬಂ, ಗೂಡಲೂರು ದಾಟಿ ಕುಮಳಿಯಲ್ಲಿ ಕೇರಳ ಸೇರುವ ಈ ದಾರಿ ಶಬರಿಮಲೆ ಯಾತ್ರಿಕರಿಗೂ ತೇಕ್ಕಡಿಯ ಪ್ರವಾಸಿಗರಿಗೂ ಚಿರಪರಿಚಿತ. ಇದು ರಾಷ್ಟ್ರೀಯ ಹೆದ್ದಾರಿ 183. ಮುನ್ನಾರಿಗೆ ಹೊರಟವರು ತೇನಿಯಲ್ಲಿ ಬಲಕ್ಕೆ ತಿರುಗಿ, ಬೋಡಿನಾಯಕನೂರು ದಾಟಿ, 17 ಹೇರ್‌ಪಿನ್ ತಿರುವುಗಳ ಬೋಡಿಮೆಟ್ಟು ಹತ್ತುತ್ತಾರೆ. (ಮ್ಯಾಪಿನಲ್ಲಿ ಬರೀ ‘ಗೂಡಲೂರು’ ಎಂದು ಹಾಕಿದರೆ ನಮ್ಮ ಬಂಡೀಪುರದಾಚೆಯ ನೀಲಗಿರಿಯ ಗೂಡಲೂರು ತೋರಿಸಬಹುದು, ಎಚ್ಚರ.)

ರಾತ್ರಿಯಿಡೀ ಬಯಲು ಹೆದ್ದಾರಿಯಲ್ಲಿ ನಾಲ್ಕನೇ, ಐದನೇ ಗೇರಿನಲ್ಲೇ ಓಡಿದ ಗಾಡಿ ಬೆಳಗಿನ ಹೊತ್ತಿಗೆ ಘಾಟಿಯ ಬುಡದಲ್ಲಿರುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ದೋಷಗಳೆಲ್ಲ ಅಲ್ಲಿ ಬಾಯಿ ಬಿಡುತ್ತವೆ. ಕಂಪನಿಯ ಸರ್ವಿಸ್ ಸೆಂಟರ್ ಬೇಕೆಂದರೆ ತೇನಿ, ದಿಂಡಿಗಲ್ ಅಥವಾ ಮಧುರೈಗೆ ಹಿಂದಿರುಗಬೇಕಾದೀತು. ಕೈಗೆ ಸಿಗುವುದು ರಸ್ತೆ ಬದಿಯ ತಗಡಿನ ಮಾಡಿನ ಸಣ್ಣ ವರ್ಕ್‌ಶಾಪ್.

ಅದರ ಬಗ್ಗೆ ಅಳುಕು ಬೇಡ. ಈ ಅಂಗಡಿಗಳ ದಿನನಿತ್ಯದ ಗಿರಾಕಿಗಳು ಯಾರೆಂದು ನೋಡಿ: ಬೋಡಿ, ಕಂಬಂನಿಂದ ಬೆಳಗಾದರೆ ಕೂಲಿಯಾಳುಗಳನ್ನು ತುಂಬಿಕೊಂಡು ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಘಾಟಿ ಹತ್ತಿ ಸಂಜೆ ಇಳಿಯುವ ಜೀಪುಗಳು, ಬಾಳೆ, ದ್ರಾಕ್ಷಿ ಹೊತ್ತ ಲಾರಿಗಳು, ಮೂಟೆ ಹೇರಿಕೊಂಡು ಹೊಲದ ದಾರಿಯಲ್ಲಿ ಓಡುವ ಟಿವಿಎಸ್ ಎಕ್ಸೆಲ್‌ಗಳು. ಬ್ರೇಕು, ಕ್ಲಚ್ಚು, ರೇಡಿಯೇಟರ್‌ಗಳಲ್ಲಿ ಪಳಗಿದ ಕೈ ಅವರದು. ಗಿರಾಕಿಯಾಗಿ ನೀವು ಕಲಿಯಬೇಕಾದದ್ದು ಒಂದೇ: ಗಾಡಿಯ ಲಕ್ಷಣ ಹೇಳಿ, ರೋಗದ ಹೆಸರು ಹೇಳಬೇಡಿ. ‘ಕ್ಲಚ್ ಪ್ಲೇಟ್ ಹಾಕಿ’ ಎಂದರೆ ಹಾಕಿಕೊಡುತ್ತಾರೆ. ದೋಷ ಕ್ಲಚ್ಚಿನ ಕೇಬಲ್ಲಿನಲ್ಲಿದ್ದರೆ ಹಣ ಹೋಯಿತು, ದಿನವೂ ಹೋಯಿತು.

ಮಾತಿನ ತೊಡಕು ಕಡಿಮೆ

ಬ್ರೇಕ್, ಕ್ಲಚ್, ಬೇರಿಂಗ್, ಪಂಚರ್, ಸ್ಟೆಪ್ನಿ ಎಲ್ಲ ಊರಲ್ಲೂ ಅವೇ. ಅಂಗಡಿಯವರನ್ನು ‘ಅಣ್ಣ’ ಎಂದು ಕರೆದರೆ ತಮಿಳಿಗೂ ಸಲ್ಲುತ್ತದೆ, ಕನ್ನಡಕ್ಕೂ ಸಲ್ಲುತ್ತದೆ. ಕಂಬಂ, ಬೋಡಿ ಕಡೆ ಕಪ್ಪಿಲಿಯರ್ ಎಂದೂ ಹೆಸರಿರುವ ಒಕ್ಕಲಿಗ ಗೌಡರ್ ಸಮುದಾಯ, ದಿಂಡಿಗಲ್ ಕಡೆ ಅನುಪ್ಪರು, ಎರಡೂ ಕಡೆ ದೇವಾಂಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದವರು. ಅವರ ಓದು ಬರಹ ತಮಿಳಿನಲ್ಲಿ, ಕನ್ನಡದ ಧಾಟಿಯೂ ನಮ್ಮದಕ್ಕಿಂತ ಬೇರೆ. ಆದರೂ ನಿಧಾನವಾಗಿ ಮಾತಾಡಿದರೆ ಕೆಲಸ ನಡೆಯುತ್ತದೆ. ಅಂಗಡಿಯಲ್ಲಿ ‘ಇಲ್ಲಿ ಕನ್ನಡ ಬರುವವರು ಇದ್ದಾರಾ’ ಎಂದು ಒಮ್ಮೆ ಕೇಳಿ ನೋಡಿ.

ಸದ್ದು ಯಾವಾಗ, ಎಲ್ಲಿ, ಹೇಗೆ?

ಮೆಕ್ಯಾನಿಕ್‌ಗೆ ಬೇಕಾದದ್ದು ಈ ವಿವರ: ತೊಂದರೆ ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಬ್ರೇಕ್ ಒತ್ತಿದಾಗಲೋ, ತಿರುಗಿಸುವಾಗಲೋ, ಹಂಪ್ ದಾಟುವಾಗಲೋ? ಎಷ್ಟು ವೇಗದಲ್ಲಿ? ಸದ್ದು ಬಂದಾಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಅಂಗಡಿ ಮುಂದೆ ನಿಂತಾಗ ಎಷ್ಟೋ ಸಲ ಸದ್ದು ಮಾಯವಾಗಿರುತ್ತದೆ.

ಸಾಮಾನ್ಯ ಲಕ್ಷಣಗಳು ಮತ್ತು ಅವು ಬೊಟ್ಟು ಮಾಡುವ ಜಾಗ:

• ಬ್ರೇಕ್ ಒತ್ತಿದಾಗ ಕೀಚಲು ಸದ್ದು: ಪ್ಯಾಡ್ ಸವೆದಿರಬಹುದು. ಕರಕರ ಅರೆದಂತೆ ಕೇಳಿದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ, ಮುಂದೆ ಓಡಿಸಬೇಡಿ.
• ಬ್ರೇಕ್ ಹಾಕಿದಾಗ ಗಾಡಿ ಒಂದೇ ಬದಿಗೆ ಎಳೆಯುವುದು: ಒಂದು ಚಕ್ರದ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಟೈರಿನ ಗಾಳಿಯನ್ನೂ ನೋಡಿಸಿ.
• ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಟಕಟಕ: ಆಕ್ಸೆಲ್ಲಿನ ಸಿವಿ ಜಾಯಿಂಟ್. ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯೇ ಎಂದು ನೋಡಿಸಿ.
• ವೇಗ ಏರಿದಂತೆ ಏರುವ ಗುಂಯ್ ಸದ್ದು: ವೀಲ್ ಬೇರಿಂಗ್, ಇಲ್ಲವೇ ಏರುಪೇರಾಗಿ ಸವೆದ ಟೈರು.
• ಹಂಪ್ ದಾಟುವಾಗ ಕಟ್‌ಕಟ್: ಲಿಂಕ್ ರಾಡ್, ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್.
• ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ: ಕ್ಲಚ್ ಜಾರುತ್ತಿದೆ.

ಡ್ಯಾಶ್‌ಬೋರ್ಡಿನ ದೀಪಗಳ ಬಣ್ಣವೂ ಲಕ್ಷಣವೇ. ಕೆಂಪು ಎಣ್ಣೆಗಿಂಡಿ ಅಥವಾ ಕೆಂಪು ಥರ್ಮಾಮೀಟರ್ ಹೊತ್ತಿತೆಂದರೆ ಸುರಕ್ಷಿತ ಜಾಗ ನೋಡಿ ತಕ್ಷಣ ಎಂಜಿನ್ ಆರಿಸಿ. ‘ಇನ್ನೊಂದೆರಡು ಕಿಲೋಮೀಟರ್’ ಎನ್ನುವ ಆಸೆಗೆ ಎಂಜಿನ್ನೇ ಬಲಿಯಾದೀತು. ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಅಂಗಡಿವರೆಗೆ ಹೋಗಬಹುದು. ಅದೇ ದೀಪ ಮಿಣುಕುತ್ತಿದ್ದರೆ ನಿಲ್ಲಿಸಿ. ಈಗ ಸಣ್ಣ ಅಂಗಡಿಗಳಲ್ಲೂ ಸ್ಕ್ಯಾನರ್ ಇರುವುದುಂಟು. ಅದು ತೋರಿಸುವ ಕೋಡ್ ದೋಷ ಯಾವ ದಿಕ್ಕಿನಲ್ಲಿದೆ ಎಂದಷ್ಟೇ ಹೇಳುತ್ತದೆ. ಕೋಡಿನಲ್ಲಿ ಸೆನ್ಸರ್ ಹೆಸರು ಬಂತೆಂದು ಸೆನ್ಸರನ್ನೇ ಬದಲಿಸುವ ಮೊದಲು ಅದಕ್ಕೆ ಹೋಗುವ ವೈರು, ಸಾಕೆಟ್ ಪರೀಕ್ಷಿಸಲು ಹೇಳಿ.

ಬ್ರೇಕು: ಇಳಿಯುವಾಗ ಕೆಡುವ ಭಾಗ

ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡರೆ ಪ್ಯಾಡು, ಡ್ರಮ್ಮುಗಳ ಬಿಸಿ ಬ್ರೇಕ್ ಆಯಿಲ್‌ಗೆ ಏರುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ತೇವ ಹೀರಿದ ಮೇಲಿನ ಮಿತಿ 140. ಡಾಟ್ 4ಕ್ಕೆ ಇವು 230 ಮತ್ತು 155. ಕುದಿದ ಆಯಿಲ್‌ನಲ್ಲಿ ಹಬೆಯ ಗುಳ್ಳೆಗಳು ಹುಟ್ಟುತ್ತವೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗಿಳಿಯುವುದು ಇದರಿಂದಲೇ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಅದಕ್ಕಾಗಿ.

ಸುಟ್ಟ ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಡಿ, ಗೇರಿನಲ್ಲಿಡಿ. ಕಾದ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಬಿಗಿದು ಎಳೆಯಬೇಡಿ. ನೀರು ಸುರಿಯಲೇಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಅರ್ಧ ಗಂಟೆ ತಣಿಯಲಿ.

ಅಂಗಡಿಯಲ್ಲಿ ಹೊಸ ಆಯಿಲ್ ಹಾಕಿ ಗಾಳಿ ತೆಗೆಯುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿ. ಒಳಗೆ ಕೂತ ಹುಡುಗ ಪೆಡಲನ್ನು ಮೂರು ನಾಲ್ಕು ಸಲ ಒತ್ತಿ, ಕೊನೆಗೆ ಒತ್ತಿಯೇ ಹಿಡಿಯುತ್ತಾನೆ. ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ ಮೆಕ್ಯಾನಿಕ್ ಸ್ಪ್ಯಾನರ್‌ನಿಂದ ನಿಪ್ಪಲ್ಲನ್ನು ಚೂರೇ ಚೂರು ಸಡಿಲಿಸುತ್ತಾರೆ. ಸಣ್ಣ ಪೈಪಿನಲ್ಲಿ ಕಂದು ಬಣ್ಣದ ಹಳೇ ಆಯಿಲ್ ಗುಳ್ಳೆಗಳ ಸಮೇತ ಬಾಟಲಿಗಿಳಿಯುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ‘ಬಿಡು’ ಎನ್ನುತ್ತಾರೆ. ಮೊದಲೇ ಕಾಲೆತ್ತಿದರೆ ಹೊರಗಿನ ಗಾಳಿ ಒಳಕ್ಕೆಳೆದುಕೊಳ್ಳುತ್ತದೆ, ಮಾಡಿದ ಕೆಲಸ ಮೊದಲಿನಿಂದ. ಗುಳ್ಳೆ ನಿಂತು, ತಿಳಿಯಾದ ಆಯಿಲ್ ಬರುವವರೆಗೆ ಹೀಗೇ ಮಾಡಿ ಮುಂದಿನ ಚಕ್ರಕ್ಕೆ ಹೋಗುತ್ತಾರೆ. ನಡುನಡುವೆ ಬಾನೆಟ್ಟಿನಡಿಯ ಡಬ್ಬಿಗೆ ಆಯಿಲ್ ತುಂಬುತ್ತಿರಬೇಕು. ನಾಲ್ಕೂ ಚಕ್ರಗಳಿಗೆ ಆಯಿತೇ, ಸೀಲ್ ಒಡೆಯದ ಡಬ್ಬಿಯನ್ನೇ ತೆರೆದರೇ ಎಂದು ಗಮನಿಸಿ. ಅರ್ಧ ಬಳಸಿ ಮುಚ್ಚಿಟ್ಟ ಡಬ್ಬಿ ಆಗಲೇ ತೇವ ಹೀರಿರುತ್ತದೆ.

ಪ್ಯಾಡ್ ಹಾಕಿಸುವುದಾದರೆ ಒಂದೇ ಚಕ್ರಕ್ಕೆ ಬೇಡ. ಆ ಆಕ್ಸೆಲ್ಲಿನ ಎರಡೂ ಬದಿಗೆ ಹಾಕಿಸಿ. ಡಿಸ್ಕಿನಲ್ಲಿ ಗೀರು ಬಿದ್ದಿದ್ದರೆ ಲೇಥಿಗೆ ಕಳಿಸಿ ಸಮ ಮಾಡಿಸುತ್ತಾರೆ. ಆದರೆ ಡಿಸ್ಕಿಗೆ ಕನಿಷ್ಠ ದಪ್ಪವೆಂಬುದಿದೆ, ಬಹುತೇಕ ಡಿಸ್ಕಿನ ಅಂಚಿನಲ್ಲೇ ಕೊರೆದಿರುತ್ತದೆ. ಅದಕ್ಕಿಂತ ತೆಳ್ಳಗಾಗುವುದಾದರೆ ಹೊಸದೇ ಬೇಕು.

ಇಳಿಯುವ ಕ್ರಮವೂ ರಿಪೇರಿಯ ಭಾಗವೇ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು; ಆಟೊಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನ್ಯುಯಲ್ ಮೋಡ್. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಜಾರುವ ಚಾಳಿ ಅಪಾಯಕಾರಿ: ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಕೈಬಿಡುತ್ತವೆ. ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ತಾವೇ ಇಂಧನ ನಿಲ್ಲಿಸುವುದರಿಂದ ಉಳಿತಾಯವೂ ಇಲ್ಲ.

ಕಾವೇರಿದ ಎಂಜಿನ್, ಜಾರುವ ಕ್ಲಚ್ಚು

ಹತ್ತುವಾಗ ತೊಂದರೆ ಕೊಡುವುದು ಇವೆರಡು. ಟೆಂಪರೇಚರ್ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆಯಾದರೂ ಎಂಜಿನ್ನಿನ ಒಂದಷ್ಟು ಬಿಸಿ ಹೊರಬರುತ್ತದೆ. ಇಳಿಯದಿದ್ದರೆ ನಿಲ್ಲಿಸಿ. ಕಾದಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ, ಮುಚ್ಚಳ ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ.

ತಣಿದ ಮೇಲೆ ಮೆಕ್ಯಾನಿಕ್ ಅಗ್ಗದ ಭಾಗಗಳಿಂದ ಶುರು ಮಾಡಿ ಒಂದೊಂದೇ ನೋಡಬೇಕು: ಫ್ಯಾನಿನ ಫ್ಯೂಸ್ ಮತ್ತು ರಿಲೇ, ಹೋಸ್ ಪೈಪಿನ ಕ್ಲಿಪ್ ಬಳಿ ಬಿಳಿಯ ಕಲೆ, ರೇಡಿಯೇಟರ್ ಮುಚ್ಚಳದ ರಬ್ಬರ್, ಬೆಲ್ಟ್, ಥರ್ಮೋಸ್ಟಾಟ್, ಆಮೇಲೆ ವಾಟರ್ ಪಂಪ್. ಎಂಜಿನ್ ಆಯಿಲ್ ಹಾಲು ಕಲಸಿದಂತೆ ಬೆಳ್ಳಗಾಗಿದ್ದರೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅದು ಒಂದು ದಿನದ ಕೆಲಸವಲ್ಲ. ಬೇರೆ ಗಾಡಿಯ ವ್ಯವಸ್ಥೆ ಮಾಡಿಕೊಳ್ಳಿ. ದಾರಿಯಲ್ಲಿ ಅನಿವಾರ್ಯವಾಗಿ ನಲ್ಲಿ ನೀರು ತುಂಬಿಸಿದ್ದರೆ ಊರಿಗೆ ಬಂದೊಡನೆ ಅದನ್ನು ಬಸಿದು ಕೂಲೆಂಟ್ ಹಾಕಿಸಿ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಕ್ಲಚ್ ಬಗ್ಗೆ ಹೇಳುವುದು ಕಡಿಮೆ. ಏರಿನ ಟ್ರಾಫಿಕ್‌ನಲ್ಲಿ ಗಾಡಿಯನ್ನು ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿಕೊಳ್ಳದೆ ಹ್ಯಾಂಡ್‌ಬ್ರೇಕ್ ಬಳಸಿ. ಬದಲಿಸುವುದೇ ಆದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ದೊಡ್ಡದು. ಬೇರಿಂಗ್ ಉಳಿಸಲು ಹೋಗಿ ಅದೇ ಕೂಲಿ ಎರಡನೇ ಸಲ ಕೊಡಬೇಕಾದೀತು.

ಟೈರು, ಬ್ಯಾಟರಿ

ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು, ಬೈಕಿಗೆ 0.8. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಮಳೆ ಸುರಿಯುವ ಈ ಘಾಟಿಗಳಿಗೆ ಆ ಕನಿಷ್ಠ ಮಿತಿಯೂ ಸಾಲದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಟ್ಯೂಬ್‌ಲೆಸ್ ಟೈರಿನ ಮೇಲ್ಮೈಗೆ ಮೊಳೆ ಚುಚ್ಚಿದ್ದರೆ ಪಂಚರ್ ಅಂಗಡಿಯವರು ಕ್ಷಣದಲ್ಲಿ ಬತ್ತಿ ಹಾಕಿಕೊಡುತ್ತಾರೆ. ಸೋಪಿನ ನೀರು ಹಾಕಿ ಗುಳ್ಳೆ ಬರುತ್ತಿಲ್ಲವೆಂದು ತೋರಿಸಲು ಹೇಳಿ. ಪಕ್ಕದ ಗೋಡೆಯೇ ಸೀಳಿದ್ದರೆ ಅದಕ್ಕೆ ರಿಪೇರಿ ಇಲ್ಲ.

ಬ್ಯಾಟರಿ ‘ಹೋಗಿದೆ’ ಎಂದೊಡನೆ ಹೊಸದು ಕೊಳ್ಳಬೇಡಿ. ಮೀಟರ್ ಇಟ್ಟು ನೋಡಲು ಹೇಳಿ: ಎಂಜಿನ್ ನಿಂತಿದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ದೋಷ ಆಲ್ಟರ್ನೇಟರ್ ಅಥವಾ ಬೆಲ್ಟಿನದು; ಹೊಸ ಬ್ಯಾಟರಿಯೂ ಬೇಗನೇ ಮಲಗುತ್ತದೆ.

ಅಂಗಡಿ ಆರಿಸುವುದು, ಬಿಡಿಭಾಗ ಕೊಳ್ಳುವುದು

ಟಿಎನ್ 60 ತೇನಿಯ, ಟಿಎನ್ 57 ದಿಂಡಿಗಲ್‌ನ ನೋಂದಣಿ. ಆ ಫಲಕದ ಜೀಪು, ಟ್ಯಾಕ್ಸಿಗಳು ಸಾಲಾಗಿ ನಿಂತಿರುವ ಅಂಗಡಿಯನ್ನು ನಂಬಬಹುದು. ದಿನಾ ಘಾಟಿ ಹತ್ತಿಳಿಯುವ ಚಾಲಕ ಕೆಟ್ಟ ಕೆಲಸಕ್ಕೆ ಎರಡನೇ ಸಲ ಬರುವುದಿಲ್ಲ. ಪೆಟ್ರೋಲ್ ಬಂಕಿನವರನ್ನೂ ಕೇಳಿ. ಒಂದೇ ಅಂಗಡಿಯಲ್ಲಿ ಎಲ್ಲವೂ ಆಗುವುದಿಲ್ಲ ಎಂಬುದೂ ತಿಳಿದಿರಲಿ: ಸ್ಟಾರ್ಟರ್, ಆಲ್ಟರ್ನೇಟರ್ ಬಿಚ್ಚಿ ಎಲೆಕ್ಟ್ರಿಷಿಯನ್ ಬಳಿಗೆ, ಡಿಸ್ಕು, ಡ್ರಮ್ಮು ಲೇಥಿಗೆ, ರೇಡಿಯೇಟರ್ ಅದರದೇ ಅಂಗಡಿಗೆ ಹೋಗುತ್ತವೆ. ಮೆಕ್ಯಾನಿಕ್ ಭಾಗವೊಂದನ್ನು ಕೈಯಲ್ಲಿ ಹಿಡಿದು ಬೈಕ್ ಹತ್ತಿ ಹೊರಟರೆ ಗಾಬರಿ ಬೇಡ.

ಊರಲ್ಲಿ ಸಿಗದ ಭಾಗ ಮಧುರೈಯಿಂದ ಬರಬೇಕು. ಟಿ.ವಿ. ಸುಂದರಂ ಅಯ್ಯಂಗಾರ್ 1911ರಲ್ಲಿ ಅಲ್ಲಿ ಶುರುಮಾಡಿದ ಉದ್ಯಮವೇ ಟಿವಿಎಸ್ ಸಮೂಹವಾಗಿ ಬೆಳೆಯಿತು. ಮೋಟಾರು ವ್ಯವಹಾರದಲ್ಲಿ ಮಧುರೈಗೆ ನೂರು ವರ್ಷಕ್ಕೂ ಮಿಕ್ಕ ಅನುಭವವಿದೆ. ಗಾಡಿಯ ಆರ್‌ಸಿ ಮತ್ತು ಚಾಸಿ ನಂಬರಿನ ಫೋಟೊ ಮೆಕ್ಯಾನಿಕ್ ಮೊಬೈಲಿಗೆ ಕಳಿಸಿದರೆ ತಪ್ಪು ಭಾಗ ಬಂದು ಮತ್ತೊಂದು ದಿನ ಹಾಳಾಗುವುದು ತಪ್ಪುತ್ತದೆ.

ಬಿಡಿಭಾಗಗಳಲ್ಲಿ ಮೂರು ದರ್ಜೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಕಾರು ಕಂಪನಿಗಳಿಗೆ ಭಾಗ ಪೂರೈಸುವ ರಾಣೆ, ಲುಕಾಸ್ ಟಿವಿಎಸ್, ಬಾಷ್‌ನಂಥವರು ತಮ್ಮದೇ ಹೆಸರಿನಲ್ಲಿ ಮಾರುವುದು ಇನ್ನೊಂದು. ಸಾಮಾನ್ಯವಾಗಿ ಬೆಲೆ ಕಡಿಮೆ, ಗುಣಕ್ಕೆ ಮೋಸವಿಲ್ಲ. ಹೆಸರಿಲ್ಲದ ಲೋಕಲ್ ಮಾಲು ಮೂರನೆಯದು. ವೈಪರ್ ಬ್ಲೇಡೋ ಬಾಗಿಲ ಹಿಡಿಯೋ ಆದರೆ ಲೋಕಲ್ ನಡೆದೀತು, ಬ್ರೇಕಿಗೆ, ಸ್ಟೀರಿಂಗಿಗೆ ಬೇಡ. ಡಬ್ಬಿಯ ಮೇಲಿನ ಎಂಆರ್‌ಪಿ, ಪಾರ್ಟ್ ನಂಬರ್ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ದರ ಇದ್ದರೆ ಕೇಳಿ.

ಸ್ವತಂತ್ರ ಗ್ಯಾರೇಜುಗಳಿಗೆ ಅಸಲಿ ಭಾಗ ಸಿಗದಂತೆ ತಡೆಯುವುದು ತಪ್ಪು ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿಗಳು ಅದನ್ನು ಪ್ರಶ್ನಿಸಿದವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿತು. ಆದರೂ ವಾರಂಟಿ ಅವಧಿಯಲ್ಲಿರುವ ಗಾಡಿಯಾದರೆ ಬಿಚ್ಚಿಸುವ ಮುನ್ನ ಕಂಪನಿಯ ರಸ್ತೆ ಸಹಾಯ ಸಂಖ್ಯೆಗೆ ಕರೆ ಮಾಡುವುದೇ ಜಾಣತನ. ಏರ್‌ಬ್ಯಾಗ್, ಎಬಿಎಸ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಡೀಸೆಲ್ ಇಂಜೆಕ್ಟರ್ ಕೆಲಸಗಳಿಗೆ ವಿಶೇಷ ಉಪಕರಣ ಬೇಕು, ಅವನ್ನು ದಾರಿಬದಿಯಲ್ಲಿ ಮಾಡಿಸಬೇಡಿ. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ವೈರುಗಳನ್ನು ತರಬೇತಿ ಇಲ್ಲದ ಯಾರೂ ಮುಟ್ಟಕೂಡದು.

ಊರು ಬಿಡುವ ಮುನ್ನ

ಒಂದು ವಾರ ಮೊದಲೇ ನಿಮ್ಮ ಮೆಕ್ಯಾನಿಕ್ ಬಳಿ ಇಷ್ಟು ನೋಡಿಸಿ: ಬ್ರೇಕ್ ಆಯಿಲ್‌ನ ವಯಸ್ಸು, ಪ್ಯಾಡಿನ ದಪ್ಪ (3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬದಲಿಸಿ), ಕೂಲೆಂಟ್, ಹೋಸು, ಬೆಲ್ಟು, ಬ್ಯಾಟರಿ, ಸ್ಟೆಪ್ನಿಯ ಗಾಳಿ. ಡಿಕ್ಕಿಯಲ್ಲಿ ಜಾಕಿ, ವೀಲ್ ಸ್ಪ್ಯಾನರ್, ಒಂದೆರಡು ಫ್ಯೂಸ್, ಲೀಟರ್ ಕೂಲೆಂಟ್, ಎಳೆಯುವ ಹಗ್ಗ, ಟಾರ್ಚ್, ಚಕ್ರಕ್ಕೆ ಕೊಡಲು ಮರದ ತುಂಡು ಇರಲಿ. ಅಲಾಯ್ ವೀಲಿಗೆ ಲಾಕ್ ನಟ್ ಹಾಕಿಸಿದ್ದರೆ ಅದರ ಕೀ ಮನೆಯ ಡ್ರಾಯರಿನಲ್ಲಿ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಿ. ಅದಿಲ್ಲದೆ ಪಂಚರ್ ಆದ ಚಕ್ರವೂ ಕಳಚುವುದಿಲ್ಲ.

ಮಕರಜ್ಯೋತಿಗೆ ಹೊರಟವರಿಗೆ ಇನ್ನೊಂದು ಮಾತು. ಜ್ಯೋತಿ ಮತ್ತು ತಮಿಳರ ಪೊಂಗಲ್ ಒಟ್ಟಿಗೇ ಬರುತ್ತವೆ. ಪೊಂಗಲ್, ಮರುದಿನದ ಮಾಟ್ಟುಪೊಂಗಲ್ ದಿನಗಳಲ್ಲಿ ಬಹಳಷ್ಟು ವರ್ಕ್‌ಶಾಪ್, ಸ್ಪೇರ್ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ತುರ್ತು ಸಂಖ್ಯೆ 112 ಮೊಬೈಲಿನಲ್ಲಿರಲಿ.

ಕೆಲಸ ಮುಗಿದ ಮೇಲೆ

ಬಿಚ್ಚುವ ಮೊದಲೇ ಮೂರು ಪ್ರಶ್ನೆ ಕೇಳಿ: ದೋಷ ಯಾವುದೆಂದು ಹೇಗೆ ಗೊತ್ತಾಯಿತು? ಭಾಗಕ್ಕೆಷ್ಟು, ಕೂಲಿ ಎಷ್ಟು? ಇದರಿಂದ ಸರಿಹೋಗದಿದ್ದರೆ ಮುಂದೇನು? ಮೂರನೆಯದಕ್ಕೆ ನೇರ ಉತ್ತರ ಕೊಡುವವರು ಕೆಲಸ ಬಲ್ಲವರು. ತೆಗೆದ ಹಳೇ ಭಾಗವನ್ನು ಕೇಳಿ ಪಡೆಯಿರಿ. ಕೈಬರಹದ ಚೀಟಿಯಾದರೂ ಸರಿ, ಭಾಗ ಮತ್ತು ಕೂಲಿ ಬೇರೆ ಬೇರೆ ಬರೆದ ಬಿಲ್ ಇರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾಗಿ ಬಂದರೆ ಅದೇ ಆಧಾರ.

ಹಣ ಕೊಡುವ ಮುನ್ನ ಮೆಕ್ಯಾನಿಕ್‌ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಸಮತಟ್ಟು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಓಡಿಸಿ. ಮೊದಲು ನಿಧಾನವಾಗಿ, ಆಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಪೆಡಲ್ ಮೆತ್ತಗಿದ್ದರೆ ಗಾಳಿ ಇನ್ನೂ ಉಳಿದಿದೆ. ವಾಪಸು ಬಂದು ಬಾನೆಟ್ ಎತ್ತಿ, ಗಾಡಿಯಡಿ ಬಗ್ಗಿ, ಎಲ್ಲೂ ತೊಟ್ಟಿಕ್ಕುತ್ತಿಲ್ಲವೆಂದು ಇಬ್ಬರೂ ನೋಡಿ. ಚಕ್ರ ಬಿಚ್ಚಿದ್ದರೆ ನಟ್‌ಗಳನ್ನು ಇನ್ನೊಮ್ಮೆ ಬಿಗಿಸಿ. ಗೂಡಲೂರಿನ ಮುಂದೆ ಲೋವರ್ ಕ್ಯಾಂಪ್ ದಾಟಿದ ಮೇಲೆ ಏರು ಶುರು. ಅನುಮಾನ ಒಂದಿಷ್ಟು ಉಳಿದಿದ್ದರೂ ಆ ರಾತ್ರಿ ಕಂಬಂನಲ್ಲೇ ತಂಗಿ, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ಮತ್ತೊಮ್ಮೆ ನೋಡಿಕೊಂಡು ಹೊರಡಿ.